ಮುಳ್ಳು ನಿಂತ ನಿಮಿಷ

ಬೆಟಗೇರಿಯ ನಮ್ಮ ಅಂಗಡಿಗೆ ಬಡಗಣ ಬಾಗಲಾ.
ವರ್ಷದಾಗ ಒಂಬತ್ತು ತಿಂಗಳು
ನಡು ಮಧ್ಯಾಹ್ನದ ಬಿಸಲು ಮಾಳಗಿ ದಾಟಿ ಈಚೆ ಇಳಿಯೂದಿಲ್ಲ.
ಮೇ ಹೊಕ್ಕಿತಂದ್ರ ಹೊಸ್ತಲಾ ಮುಟ್ಟತೈತಿ,
ಕಾರಹುಣ್ಣಿವಿ ಸುಮಾರಿಗೆ ಒಂದು ಗೇಣು ಒಳಗ,
ಪಂಚಮಿ ಜೋಕಾಲಿ ಬಿಚ್ಚೂ ಹೊತ್ತಿಗೆ ಮತ್ತ ಹೊರಗ.

ಆ ಗೇಣು ಬಿಸಲಿನಾಗ ಮೌಲಾಸಾಬ ಕಾಕಾ
ಬಣ್ಣ ಬಳದ ತೂಕದ ಕಲ್ಲು ಒಣಗಸ್ತಿದ್ದ,
ಐದು ಕಿಲೋದಿಂದ ನೂರು ಗ್ರಾಂ ತನಕ,
ಫೋಟೋಕ್ಕ ನಿಂತ ಮನಿಮಂದಿ ಹಂಗ.
ಸವೆದ ಕಲ್ಲಿನ ತಳಕ್ಕ ಸೀಸ ಕಾಸಿ ಹೊಯ್ಯೂದು ಅವನ ಕೆಲಸ,
ಊದುಕೊಳವಿ ಊದೂದು ನಂದು.
ಸವೆಯೂದಂದ್ರ ಸುಳ್ಳು ಹೇಳೂದಽ ಅಂತಿದ್ದ.
ಕಬ್ಬಿಣ ನಿಧಾನ ಹೇಳತೈತಿ, ಮನಶ್ಯಾ ಲಗೂನ.

ತಿಪ್ಪವ್ವ ಬಂದ್ಳು, ಕೈಯಾಗ ಸ್ಪ್ರಿಂಗಿನ ತಕ್ಕಡಿ,
ಹಿಂದ ಮೊಮ್ಮಗಳು ನೀಲಗಂಗಾ, ಎಂಟನೇತ್ತಾ ಪಾಸು.
ಬರೇ ಕೊಕ್ಕಿಗೇ ಐವತ್ತು ಗ್ರಾಂ ತೋರಸತೈತಿ,
ಗಾಳಿ ಮಾರಾಕ ಕುಂತೇನೇನೋ ನಾನು?
ಕಾಕಾ ಅದನ್ನ ಸತ್ತ ಇಲಿ ಹಿಡದಂಗ
ಎರಡು ಬೆರಳಾಗ ಹಿಡದ.
ಸ್ಪ್ರಿಂಗ್ ಕಂಡ್ರ ಅವಂಗ ಆಗ್ತಿದ್ದಿಲ್ಲ.

ಚಂದ್ರನ ಮ್ಯಾಲ ಒಯ್ದ್ರ, ಅಂದ್ಳು ಹುಡುಗಿ,
ಆರು ಕಿಲೋ ಉಳ್ಳಾಗಡ್ಡಿ ಇದರಾಗ ಒಂದಽ ಕಿಲೋ.
ಸೀಸದ ಸೌಟು ಅಲ್ಲೇ ನಿಂತತು.
ಐದು ಕಿಲೋ ಯಾರು ಹೊಡದ್ರು?
ಯಾರೂ ಇಲ್ಲರಿ. ಗಡ್ಡಿ ಅಷ್ಟಽ. ಕೆಳಗ ಜಗ್ಗೂ ಕೈ ಸಣ್ಣದು.
ಮತ್ತ ನನ್ನ ತಕ್ಕಡಿ?
ಹುಡುಗಿ ತೂಗಬಿಟ್ಟ ಪರಡಿ ನೋಡಿದ್ಳು, ಎಡಕ್ಕ, ಬಲಕ್ಕ.
ಗಡ್ಡಿ ಹಗುರ ಆದಷ್ಟು ಕಲ್ಲೂ ಹಗುರ.
ಅಲ್ಲೂ ಆರಂದ್ರ ಆರಽ.
ಸೀಲ್ ಹೊಡಿಯೂ ಸಾಹೇಬ ಬಂದ ದಿನಾನೂ ನಗಲಾರದ ಕಾಕಾ
ಮೀಸಿಯಾಗ ನಕ್ಕ.

ಆಮ್ಯಾಲ ಅವಂಗ ಸುಮ್ಮನ ಕುಂಡ್ರಾಕ ಆಗಲಿಲ್ಲ.
ಚಂದ್ರನ್ನ ಯಾವ ಕೊಕ್ಕಿಗೆ ಸಿಗಸ್ಯಾರ?
ಕೊಕ್ಕಿ ಇಲ್ಲರಿ, ಬೀಳಾಕತ್ತೈತಿ.
ಅಡ್ಡ ಓಡಿಕೋಂತ ಬೀಳತೈತಿ,
ಅದು ಬೀಳೂದರಾಗ ನೆಲ ಬಗ್ಗಿ ದೂರ ಸರೀತೈತಿ.
ನಮ್ಮ ಮನಿಯವರೂ ಹಂಗಽ, ಅಂದ್ಳು ತಿಪ್ಪವ್ವ,
ದಿನಾ ಬೀಳ್ತಾರ, ಗಟಾರ ಮಾತ್ರ ತಪ್ಪಸ್ತಾರ.

ಭೂಮಿ ಓರೆ ನಿಂತೈತಿ ಅಂದಾಗ
ಕಾಕಾಗ ಸಿಟ್ಟು ಬಂತು. ದಂಡಿ ಓರೆ ಇದ್ದ ತಕ್ಕಡಿಗೆ
ಯಾವ ಸಾಹೇಬ ಮುದ್ರಿ ಒತ್ತತಾನ?
ಹುಡುಗಿ ಹೊಸ್ತಲದ ಮ್ಯಾಲಿನ ಬಿಸಲಿಗೆ ಕೈ ಮಾಡಿದ್ಳು:
ಓರೆ ಇರಲಿಲ್ಲಂದ್ರ ಇದು ಇಲ್ಲಿಗೆ ಬರತಿದ್ದಿಲ್ಲರಿ.
ಬ್ಯಾಸಗಿ ಇಲ್ಲ, ಥಂಡಿ ಇಲ್ಲ, ಹಗಲು ರಾತ್ರಿ ಯಾವತ್ತೂ ಸಮಾ.
ಕಾಕಾ ತನ್ನ ಕಲ್ಲು ನೋಡಿದ, ಬಿಸಲು ನೋಡಿದ.
ಇಪ್ಪತ್ತು ವರ್ಷ ಆ ಓರೆಯಾಗಽ ಬಣ್ಣ ಒಣಗಿಸಿದ್ದ.

ಹನ್ನೆರಡು ಇಪ್ಪತ್ತಕ್ಕ ಆಕಿ ನೂರು ಗ್ರಾಮಿನ ಕಲ್ಲಿಗೆ ದಾರ ಕಟ್ಟಿ
ಕಟ್ಟಿ ಮ್ಯಾಲ ತೂಗ ಹಿಡದ್ಳು.
ಇವತ್ತಽ ಅಂತ, ಸಾಲಿ ಬಿಡೂ ಮುಂದ ಮಾಸ್ತರು ಹೇಳಿದ್ರಂತ.
ದಾರದ ನೆರಳು ಗೇಣು ಇದ್ದದ್ದು ಬೆರಳಾತು,
ಬೆರಳು ಇದ್ದದ್ದು ಉಗರಾತು.
ಇಪ್ಪತ್ನಾಲ್ಕಕ್ಕ
ಕಲ್ಲು ತನ್ನ ನೆರಳು ತಾನಽ ನುಂಗತು.

ಸೂರ್ಯಾ, ದಾರ, ಕಲ್ಲು, ನಮ್ಮ ಕಟ್ಟಿ,
ಕಟ್ಟಿ ಕೆಳಗಿನ ಎರಿ ಮಣ್ಣು, ಅದರ ಕೆಳಗ ಬಂಡಿ,
ಅದರ ಕೆಳಗಿನ ಕೆಳಗ
ಭೂಮಿ ಹೊಟ್ಟಿ,
ಎಲ್ಲಾ ಒಂದಽ ಗೆರಿ.
ಕಾಕಾ ಉಸರು ಬಿಗಿಹಿಡದ.
ಆ ನೋಟ ನನಗ ಗೊತ್ತಿತ್ತು:
ಪರಡಿ ಎರಡೂ ಸುಮ್ಮನಾಗಿ
ಮುಳ್ಳು ನಟ್ಟ ನಡುವ ನಿಂತಾಗ
ಹಿಂಗಽ ನೋಡ್ತಿದ್ದ, ಮುದ್ರಿ ಕೈಯಾಗ ಹಿಡಕೊಂಡು.

ಒತ್ತಾಕ ಏನೂ ಇರಲಿಲ್ಲ.
ನೆರಳು ಮೂಡಣಕ್ಕ ಇಣುಕತು, ಇರುವಿ ತಲಿಯಷ್ಟು.

ಮುಗೀತ? ಅಂದ್ಳು ತಿಪ್ಪವ್ವ. ಟೊಮ್ಯಾಟಿ ಬಾಡಾಕತ್ತಾವು.
ರಿಪೇರಿಗೆ ನಲವತ್ತು ಅಂದ ಕಾಕಾ.
ಮೂವತ್ತಕ್ಕ ಬಂದ.