ಕ್ರಮಸಂಖ್ಯೆ ೪೧೨

ಹೆಸರು ಓದುವುದು ಒಬ್ಬರ ಪಾಲು,
ಮತಪತ್ರ ಹರಿದು ಕೊಡುವುದು ಇನ್ನೊಬ್ಬರದು,
ನನ್ನ ಪಾಲಿಗೆ ಬಂದದ್ದು ಮಸಿ.
ಹೆಬ್ಬೆರಳಷ್ಟು ಸೀಸೆ, ಉರುಳದಿರಲೆಂದು
ಮರಳು ತುಂಬಿದ ಚಹಾ ಕಪ್ಪಿನಲ್ಲಿ ಹೂತಿದ್ದೆ.
ಮುದ್ದರಗೇರಾದ ಸರಕಾರಿ ಶಾಲೆ, ಎರಡನೇ ಕೋಣೆ.
ಗೋಡೆಯ ಮೇಲೆ ಮಗ್ಗಿ ಹದಿಮೂರರ ತನಕ,
ಆಮೇಲೆ ಸುಣ್ಣ ಉದುರಿದೆ.
ಕಿಟಕಿಯಾಚೆ ತೊಗರಿ ಕಾಯಿಗಟ್ಟಿತ್ತು;
ಅದರಾಚೆ ಕ್ರಷರ್, ಅಂದು ಸದ್ದಿಲ್ಲ.

ಏಳರಿಂದ ಬೆರಳುಗಳು ಬರತೊಡಗಿದವು.
ನಾನು ಮುಖ ನೋಡಲಿಲ್ಲ, ಅದು ನನ್ನ ಕೆಲಸವಲ್ಲ.
(ಹೀಗೆಂದು ಆಮೇಲೆ ಎಷ್ಟು ಸಲ ಹೇಳಿಕೊಂಡೆನೋ.)
ಸುಣ್ಣ ತಿಂದ ಬೆರಳು,
ಹತ್ತಿ ಬಿಡಿಸಿ ಗೀರು ಬಿದ್ದ ಬೆರಳು,
ಜಲ್ಲಿಕಲ್ಲಿಗೆ ಸಿಕ್ಕು ಉಗುರೇ ಹೋದ ಬೆರಳು.
ಎಲ್ಲಿ ಹಚ್ಚಬೇಕೆಂದು ಆತನೇ ತೋರಿಸಿದ.
ನಡುವೆ ಒಂದು ನುಣುಪು ಬೆರಳು, ಗುಲಾಬಿ ಬಣ್ಣದ ಉಗುರು,
ಕಲ್ಲು ಮುಟ್ಟಿಲ್ಲ, ಕಳೆ ಕಿತ್ತಿಲ್ಲ.
"ನಾಲ್ಕುನೂರಾ ಹನ್ನೆರಡು. ಸಾಬಮ್ಮ, ಗಂಡ ಹೊನ್ನಪ್ಪ. ಐವತ್ತೆಂಟು,"
ಪಕ್ಕದವರು ಓದಿದರು.
ಐವತ್ತೆಂಟರ ಆ ಬೆರಳು
ಹಚ್ಚಿಸಿಕೊಂಡು ಹೋಯಿತು, ಬಳೆ ಸದ್ದು ಮಾಡುತ್ತ.
ಏಜೆಂಟರು ನಾಲ್ವರೂ ಸುಸಲಾ ತಿನ್ನುತ್ತಿದ್ದರು,
ಮಿರ್ಚಿ ಖಾರವಾಗಿತ್ತೆಂದು ಕಾಣುತ್ತದೆ, ಯಾರೂ ತಲೆ ಎತ್ತಲಿಲ್ಲ.

ಸಾಬಮ್ಮ ಬಂದದ್ದು ಮೂರು ಗಂಟೆಗೆ,
ಗುರುತಿನ ಚೀಟಿ ಸೆರಗಿನ ಗಂಟಿನಲ್ಲಿ.
"ನಿನ್ನ ವೋಟ್ ಆಗ್ಯಾದ, ನಡಿಯವ್ವ,"
ಅಂದ ಕ್ರಷರ್ ಮಾಲೀಕರ ಏಜೆಂಟ್.
"ಆಗ್ಯಾದ?"
ಹತ್ತೂ ಬೆರಳು ಮೇಜಿನ ಮೇಲಿಟ್ಟಳು,
ಸಂತೆಯಲ್ಲಿ ಬೆಂಡೆಕಾಯಿ ಹರವಿದ ಹಾಗೆ.
"ನೋಡ್ರಿ ಸರ. ಇದರಾಗ ಯಾವುದು ಹಾಕ್ಯಾದ,
ನೀವೇ ಆರಿಸಿ ಹೇಳ್ರಿ."

ಇಂಥವರಿಗೆ ಬೇರೆ ಮತಪತ್ರ ಕೊಡಬೇಕು,
ಲಕೋಟೆಯಲ್ಲಿ ಬೇರೆ ಇಡಬೇಕು,
ತರಬೇತಿಯಲ್ಲಿ ಹೇಳಿದ್ದರು, ಊಟದ ಮುಂಚೆ.
ಮತಗಟ್ಟೆ ಅಧಿಕಾರಿಯ ಕಡೆ ನೋಡಿದೆ.
ಅವರು ಬಾಗಿಲ ಕಡೆ ನೋಡಿದರು.
ಬಾಗಿಲಲ್ಲಿ ಇಬ್ಬರು, ಏನೂ ಅನ್ನದೆ,
ಒಬ್ಬ ಬೈಕಿನ ಕೀಲಿಯಿಂದ ಕಿವಿ ಕೆರೆಯುತ್ತಿದ್ದ.
ಪೊಲೀಸಪ್ಪ ನೆರಳು ಹುಡುಕಿ ಹೋಗಿದ್ದ.

ಅವಳು ಬಾಗಿದಳು, ದನಿ ಇಳಿಸಿದಳು:
"ವೋಟ್ ಹೋದ್ರ ಹೋಗ್ಲಿರಿ. ಮಸಿ ಹಚ್ರಿ.
ಸಂಜೀಗಿ ಗೇಟಿನ್ಯಾಗ ಕೈ ನೋಡ್ತಾರ,
ಮಸಿ ಇಲ್ದಾಕಿಗಿ ನಾಳಿಂದ ಬುಟ್ಟಿ ಕೊಡಂಗಿಲ್ಲ."
"ನಿನ್ನ ವೋಟ್ ಹಾಕಿಸಿದವರೂ ಅವರೇ ಅಲ್ಲೇನವ್ವ?"
"ಹೌದ್ರಿ. ಹಾಕಿಸೋರದು ಬ್ಯಾರೆ ಪಾಳಿ,
ಕೈ ನೋಡೋರದು ಬ್ಯಾರೆ ಪಾಳಿ."
ಅವಳು ನಗಲಿಲ್ಲ. ನಾನೂ.

ಕಡ್ಡಿ ಅದ್ದಿದೆ.
ಉಗುರಿಂದ ಮೊದಲ ಗೆಣ್ಣಿನ ತನಕ ಎಳೆದೆ,
ಇಡೀ ದಿನ ಅಷ್ಟು ನೇರ ಗೆರೆ ಒಂದೂ ಬಂದಿರಲಿಲ್ಲ.
ಎರಡು ಸಲ ಊದಿಕೊಂಡು ಅಂಗಳಕ್ಕಿಳಿದಳು.
ಆ ಮಸಿ ನೆರಳಲ್ಲಿ ನೇರಳೆ;
ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತದೆ.

ಡೈರಿಯಲ್ಲಿ ಅಧಿಕಾರಿ ಬರೆದರು:
ಮತದಾನ ಶೇಕಡಾ ಎಂಬತ್ತೊಂಬತ್ತು. ಅಹಿತಕರ ಘಟನೆ ಇಲ್ಲ.
ಅಕ್ಷರ ದುಂಡಗಿತ್ತು.
ಯಾದಗಿರಿಯ ಬಸ್ಸಿನಲ್ಲಿ ಎಲ್ಲರೂ
ಭತ್ಯೆ ಯಾವಾಗ ಬರುತ್ತದೆಂದು ಮಾತಾಡಿದೆವು.

ಹನ್ನೆರಡು ದಿನಕ್ಕೆ ದೂರು ಬಂತು, ಸೋತವರು ಕೊಟ್ಟದ್ದು.
ತಹಶೀಲ್ದಾರ್ ಕಚೇರಿಗೆ ಕರೆದು ಕೇಳಿದರು:
ಸಾಬಮ್ಮನ ಹೆಸರಲ್ಲಿ ಬೇರೆಯವರು ಬಂದರೆ?
ನಾನು ಮುಖ ನೋಡಿರಲಿಲ್ಲ.
ಅದನ್ನೇ ಬರೆದುಕೊಟ್ಟೆ, ಒಂದೇ ವಾಕ್ಯ,
ಕಾಗುಣಿತದ ತಪ್ಪಿಲ್ಲದೆ.

ಹೊರಗೆ ಚಹಾ ಕುಡಿಯುತ್ತ ಜವಾನ ಹೇಳಿದ:
"ಆ ಮುದಕೀನೂ ನಿನ್ನೆ ಕರಸಿದ್ರು.
ವೋಟ್ ಹಾಕಿದ್ಯಾ ಅಂದ್ರ ಸುಮ್ನ ನಿಂತಳು, ಮಾತಾಡ್ಲಿಲ್ಲ.
ಕೈ ಹಿಡದು ನೋಡಿದ್ರು. ಮುಗೀತು, ಫೈಲ್ ಕಟ್ಟಿದ್ರು.
ಗೆರಿ ಏನು ನೇರ ಇತ್ರಿ ಸರ!
ಯಾರು ಹಚ್ಚಿದ್ರೋ."