ಆ ಮಗ್ಗುಲು

ಟೊಲೀಡೊ. ಡಾರ್ ಬೀದಿಯ ಚರ್ಚಿನ ನೆಲಮಾಳಿಗೆ.
ಹಳೇ ಕೋಟುಗಳಡಿ ರಟ್ಟಿನ ಪೆಟ್ಟಿಗೆ,
ತಟ್ಟೆಗೊಂದು ಡಾಲರು.
ವರ್ಡೆಲ್ ಮಂಡಿಯೂರಿದ್ದಾಳೆ:
ಅಕ್ಕಿಯಲ್ಲಿ ಕಲ್ಲಾರಿಸುವ ಬೆರಳು,
ಇಲ್ಲಿ ಬೇಕಾದ್ದು ಕಲ್ಲೇ.

ಸಿಕ್ಕಿತು. ಲೆಮ್ಯುಯೆಲ್ ಟ್ರಾಸ್ಕ್, ವೈಬ್ರಾಫೋನು, ಅರವತ್ತೆಂಟು.
ಮೊದಲ ಅಚ್ಚು.
ಅವನ ಹಣೆಯ ಮೇಲೆ ಯಾರದೋ ಕಾಫಿ ಲೋಟದ ಉಂಗುರ.

ಮನೆಗೆ ಬಂದು ಮುಳ್ಳು ಇಳಿಸಿದಳು.
ಮೊದಲು ಸಾಸಿವೆ ಸಿಡಿದ ಸದ್ದು,
ಆಮೇಲೆ ಆರ್ಗನ್ನಿನ ಬಿಸಿಯುಸಿರು,
ಆ ಬಿಸಿಗೆ ಲೋಹದ ಪಟ್ಟಿಗಳು
ಒಂದೊಂದಾಗಿ ಬೆವರೊಡೆದವು.

ಮೂರನೆಯದರ ನಡುವೆ ಏನೋ ಕಿರ್ರೆಂದಿತು.
ಗೀರಲ್ಲ. ಒರೆಸಿ ಮತ್ತೆ ಇಟ್ಟಳು.
ಅದೇ ಜಾಗ, ಅದೇ ಕಿರ್ರು.

ಬಾಗಿಲಲ್ಲಿ ಸೋದರಮಾವ ಓರಿಸ್,
ಮೂವತ್ತು ವರ್ಷ ಜೀಪಿಗೆ ಬೋಲ್ಟು ಬಿಗಿದವನು,
ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ,
ಹಾಗೇ ನಿಂತುಬಿಟ್ಟ.

"ಅದು ಪೆಡಲು.
ಎಣ್ಣೆ ಬಿಡೋ ಅಂದಿದ್ದ ಲೆಮ್.
ನನಗಾಗ ಹದಿನಾಲ್ಕು.
ಸೋಡಾ ತರೋಕೆ ಹೋದವನು ಮರೆತೆ."

ಸ್ಟುಡಿಯೋ ಇದ್ದಲ್ಲಿ ಈಗ ರಸ್ತೆ ಅಗಲವಾಗಿದೆ.
ಲೆಮ್ ಸತ್ತ ವರ್ಷ ಇಬ್ಬರಿಗೂ ಸರಿಯಾಗಿ ನೆನಪಿಲ್ಲ.

ಮುಳ್ಳು ಒಳಗಿನ ಉಂಗುರಕ್ಕೆ ಬಂದು
ಸುಮ್ಮನೆ ಸುತ್ತುತ್ತಿತ್ತು.
ಓರಿಸ್ ಇನ್ನೊಂದು ತೋಳನ್ನೂ ಬಿಡಿಸಿಕೊಂಡು ಕೂತ:
"ಮಗ್ಗುಲು ಬದಲಿಸು.
ಆ ಕಡೆಗೆ ಬಿಟ್ಟಿದ್ದೆ."