ಚಹಾ ಗಿಹಾ

ಯಮ ಯಮ, ಅಂದ ಹಿಂದಿನ ಸೀಟಿನಿಂದ.
ಎದುರಿಗೆ ಅದಿರು ಲಾರಿ, ಟಾರ್ಪಾಲು ಪಟಪಟ ಹೊಡಕೊಂಡು
ನಮ್ಮ ಮೇಲೇ ಬರ್ತಿತ್ತು.
ಯಾ ಅಲ್ಲಾ ಅಂತ ಬ್ರೇಕ್ ಒತ್ತಿದೆ.
ಜೀಪು ಜಾಲಿಗಿಡಕ್ಕೆ ಮೂಗು ತಾಗಿಸಿ ನಿಂತಿತು.
ಮೊರಿತಾ ಸಾಹೇಬ ಚಾಚಿದ ಬೆರಳು ಇಳಿಸಿರಲಿಲ್ಲ.
ಲಾರಿಯಾಚೆ, ದೂರಕ್ಕೆ, ಸಂಡೂರಿನ ಗುಡ್ಡ.
ಅದರ ಹಿಂದೆ ಗುಡ್ಡ.

ಅವರ ಕಡೆ ಯಮ ಅಂದರೆ ಬೆಟ್ಟವಂತೆ, ಅಷ್ಟೇ.
ಎರಡು ಸಲ ಅಂದರೆ ಬೆಟ್ಟಗಳಂತೆ.
'ಗಳು' ಬೇಕಿಲ್ಲ. ಇನ್ನೊಮ್ಮೆ ಅಂದರೆ ಸಾಕು,
ಸಾಲು ಎದ್ದು ನಿಲ್ತದೆ.

ತೋರಣಗಲ್ಲಿನ ಕುಲುಮೆ ನೋಡಿಕೊಳ್ಳಲು ಬಂದವನು,
ಹನ್ನೊಂದು ತಿಂಗಳು ನನ್ನದೇ ಗಾಡಿ.
ಅರ್ಧ ಹಿಂದಿ, ಕಾಲು ಕನ್ನಡ, ಉಳಿದದ್ದು ಕೈಸನ್ನೆ.
ಮಳೆ ಜಿಟಿಜಿಟಿ ಅಂದೆ. ಶಿತೊಶಿತೊ ಅಂದ.
ಎದೆ ಡವಡವ? ದೊಕಿದೊಕಿ.
ಚುಕ್ಕಿ ಮಿಣಮಿಣ? ಕಿರಕಿರ.
ನಮ್ಮಲ್ಲಿ ಕಿರಿಕಿರಿ ಬೇರೆ ಸಾಹೇಬ್ರೆ,
ಅದನ್ನ ಮೇಸ್ತ್ರಿ ಕೊಡೋದು.

ತೊಕಿ ಅಂದರೆ ಹೊತ್ತು, ತೊಕಿದೊಕಿ ಅಂದರೆ ಆಗಾಗ.
ಮನೇಲಿ ಹೇಳಿದ್ದೇ, ಏಳನೇ ಕ್ಲಾಸಿನ ತಸ್ಮಿಯಾ
ಪೆನ್ನಿನ ಕ್ಯಾಪು ಕಚ್ಚಿ, "ಅಬ್ಬಾ, ಇದು ಆದೇಶ ಸಂಧಿ.
ತ ಹೋಗಿ ದ. ಬೆಟ್ಟದಾವರೆ ಥರ."
ನಾನು ಹತ್ತನೇದು ಫೇಲು.
ಆದರೂ ಮರುದಿನ ಜೀಪಿನಲ್ಲಿ ಗಂಟಲು ಸರಿಮಾಡಿ ಹೇಳಿದೆ.
ಆದೇಶ ಅಂದರೆ?
ಹುಕುಂ.
ಯಾರದು, ಅಂದ.
ಗೊತ್ತಿಲ್ಲ ಅಂದೆ.

ಕುರೇಕುಪ್ಪದ ಕ್ರಾಸಿನಲ್ಲಿ ಒಂದು ದಿನ
ರೂಢಿ ಮಾತು, ಬಾಯಿಂದ ಬಂತು:
ಚಹಾ ಗಿಹಾ ಕುಡಿಯಾಣ?
ಚಹಾ ಬಂತು. ಕುಡಿದ. ಲೋಟ ಇಟ್ಟ. ಏಳಲೊಲ್ಲ.
ಪಂಕ್ತಿಯಲ್ಲಿ ಪಾಯಸಕ್ಕೆ ಕಾದ ಹುಡುಗನ ಹಾಗೆ
ಕೈಮಡಚಿ ಕೂತಿದ್ದಾನೆ.
ಏನಾಯ್ತು ಸಾಹೇಬ್ರೆ?
ಗಿಹಾ, ಅಂದ.

ಎಲ್ಲಿಂದ ತರಲಿ?
ಹೋಟೆಲಿನ ಹುಲಿಗೆಪ್ಪ ನಗಲಿಲ್ಲ, ಪುಣ್ಯಾತ್ಮ.
ತಟ್ಟೆ ತುಂಬ ವಗ್ಗರಣಿ, ಮೇಲೆ ಬಿಸಿಬಿಸಿ ಎರಡು ಮಿರ್ಚಿ,
"ತಗೋರಿ, ಗಿಹಾ."
ಪುಟ್ಟ ನೋಟ್ ಬುಕ್ಕಿನಲ್ಲಿ ಬರೆದುಕೊಂಡ.
ಮುಂದಿನ ವಾರ ಎಣ್ಣೆ ಮುಗಿದು ಮಿರ್ಚಿ ಇರಲಿಲ್ಲ.
ಬೇವಿನ ನೆರಳಿಗೆ ಸುಮ್ಮನೆ ಕೂತೆವು,
ಒಂದು ಕೋಳಿ ನಮ್ಮಿಬ್ಬರನ್ನೂ ಸುತ್ತು ಹಾಕಿ ಹೋಯಿತು.
ಏಳುವಾಗ ಅಂದ: ಇವತ್ತು ಗಿಹಾ ಚಲೋ ಇತ್ತು.

ಪಾಳಿ ಬಿಟ್ಟ ಒಂದು ರಾತ್ರಿ ಅವನೂರಿನ ಹಿಮದ ಮಾತು.
ಶಿನ್‌ಶಿನ್ ಅಂತ ಬೀಳ್ತದಂತೆ.
ಸದ್ದು ಬರ್ತದಾ?
ಬರಲ್ಲ. ಬಾರದ್ದಕ್ಕೇ ಆ ಮಾತು.
ನಮ್ಮಲ್ಲೂ ಬೀಳ್ತದೆ, ಸಾಹೇಬ್ರೆ. ಕೆಂಪಗೆ.
ಒಣಹಾಕಿದ ಅಂಗಿ ಮೇಲೆ, ತೊಟ್ಟಿ ನೀರಿನ ಮೇಲೆ,
ಖಾಜಾಬಿ ಕೆಮ್ಮು ತಡೆದು ಮಗ್ಗುಲಾದ ಚಾಪೆ ಮೇಲೆ.
ಅದಕ್ಕೊಂದು ಪದ ಹುಡುಕಿದೆ, ಸಂಡೂರು ಕ್ರಾಸ್ ಬರೋವರೆಗೂ.
ಅವನು ಪೆನ್ನು ಹಿಡಿದೇ ಇದ್ದ.
ಆ ಸಾಲು ಖಾಲಿ ಬಿಟ್ಟ.

ಅವನಜ್ಜಿ ಹೇಳೋಳಂತೆ,
ದೆವ್ವಕ್ಕೆ ಒಂದೇ ಸಲ ಕರೆಯೋಕೆ ಬರೋದು.
ಅದಕ್ಕೇ ಫೋನೆತ್ತಿದರೆ ಮೋಶಿ ಮೋಶಿ,
ನಾನು ಮನುಷ್ಯ, ನೋಡು, ಅಂತ.
ನಮ್ಮ ದಾದಿ ಮಾಬುನ್ನೀದೂ ಅದೇ ಪಾಠ:
ರಾತ್ರಿ ಹೆಸರು ಒಂದೇ ಸಲ ಕೇಳಿದರೆ
ಓ ಅನ್ನಬೇಡ, ಇನ್ನೊಂದು ಬರಲಿ.
ಇಬ್ಬರೂ ಮುದುಕಿಯರು ಯಾವ ಬಾವಿಕಟ್ಟೆ ಮೇಲೆ
ಕೂತು ಮಾತಾಡಿದ್ದರೋ.

ಹೋದ. ಗೆಸ್ಟ್ ಹೌಸಿನ ಆರನೇ ರೂಮು
ಬಣಬಣ ಅಂತಿತ್ತು ಸ್ವಲ್ಪ ದಿನ.
ಆಮೇಲೆ ಒಬ್ಬ ಕೊರಿಯಾದವನು ಬಂದ,
ಅವನಿಗೆ ಮಾತೇ ಬೇಡ, ಏಸಿ ಇದ್ದರೆ ಸಾಕು.

ಮೊನ್ನೆ ಅಪರಾತ್ರಿ ಫೋನು.
ಸೊನ್ನೆ ಸೊನ್ನೆ, ಆಮೇಲೆ ಉದ್ದನೆಯ ನಂಬರು.
ಎತ್ತಿದೆ.
ಮೋಶಿ, ಅಂತು ಆ ಕಡೆ.
ಅಷ್ಟೇ. ಲೈನಿನಲ್ಲಿ ಗಾಳಿ.
ಖಾಜಾಬಿ ಎದ್ದು ಕೂತಳು. ಯಾರು?
ನಾನು ಓ ಅನ್ನಲಿಲ್ಲ.
ದಾದಿ ಸತ್ತು ಇಪ್ಪತ್ತು ವರ್ಷ,
ಅವಳ ಮಾತು ಮೀರೋಕೆ ನಾಲಿಗೆ ಒಪ್ಪಲಿಲ್ಲ.
ಕಾದೆ.
ದೂರದಲ್ಲಿ ಯಾರೋ ಲೋಟ ಇಟ್ಟ ಸದ್ದು.
ಆಮೇಲೆ, ನಗು ತಡೆದ ಗಂಟಲಿನಿಂದ,
ಗೀಶಿ.